ಬಿ450 ಬೋರ್ಡಿಗೆ 7,000 ಎಂಬಿ ವೇಗದ ಎಸ್‌ಎಸ್‌ಡಿ ಬೇಕಾ?

ನಿಮ್ಮದು ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಸಿ-ಡಿ-ಇ ಅಂತ ಭಾಗ ಮಾಡಿಸಿದ ಹಳೇ 1 ಟಿಬಿ ಹಾರ್ಡ್‌ಡಿಸ್ಕ್. ವಿಂಡೋಸ್ ಏಳೋಕೆ ಎರಡು ನಿಮಿಷ ಹಿಡಿಯುತ್ತೆ, ಸ್ವಲ್ಪ 4ಕೆ ವಿಡಿಯೋ ಎಡಿಟಿಂಗ್ ಇದೆ, ಅಂಗಡಿಯವರು ಸೆಕೆಂಡಿಗೆ 7,000 ಎಂಬಿ ಓದುವ ಜೆನ್4 (ನಾಲ್ಕನೇ ತಲೆಮಾರಿನ) ಎಸ್‌ಎಸ್‌ಡಿಯೇ, ಅಂದರೆ ಚಿಪ್ಪಿನಲ್ಲಿ ಡೇಟಾ ಇಡುವ ಡ್ರೈವೇ ಬೇಕು ಅಂತಿದ್ದಾರೆ, ತಗೊಳ್ಳಲಾ ಅಂತ ಕೇಳಿದ್ದೀರಿ.

ಆ 7,000ಕ್ಕಾಗಿ ಹೆಚ್ಚಿನ ದುಡ್ಡು ಕೊಡಬೇಡಿ. ಬಿ450 ಬೋರ್ಡಿನ ಮುಖ್ಯ ಎಂ.2 ಸ್ಲಾಟ್ (ಚಪ್ಪಟೆ ಎಸ್‌ಎಸ್‌ಡಿ ಕೂರಿಸುವ ಜಾಗ) ಪಿಸಿಐಇ ಅನ್ನುವ ಡೇಟಾ ದಾರಿಯ ಮೂರನೇ ತಲೆಮಾರು, ಅಂದರೆ ಜೆನ್3, ನಾಲ್ಕು ಲೇನ್. ಅಲ್ಲಿ ಸಿಗೋದು ಹೆಚ್ಚೆಂದರೆ 3,500 ಎಂಬಿ. ಜೆನ್4 ಡ್ರೈವ್ ಹಾಕಿದರೂ ತೊಂದರೆಯಿಲ್ಲದೆ ಕೆಲಸ ಮಾಡುತ್ತೆ, ಜೆನ್3 ವೇಗದಲ್ಲಿ ಅಷ್ಟೇ. ಎರಡರ ಬೆಲೆಯೂ ಹತ್ತಿರ ಹತ್ತಿರ ಇದ್ದರೆ, ಅಥವಾ ಮುಂದೆ ಬೋರ್ಡ್ ಬದಲಾಯಿಸುವ ಯೋಚನೆ ಇದ್ದರೆ ಜೆನ್4 ತಗೊಳ್ಳಿ. ಜೆನ್5 ಕಡೆ ನೋಡಲೇಬೇಡಿ.

ನಿಜ ಹೇಳಬೇಕೆಂದರೆ ಡಬ್ಬದ ಮೇಲಿನ ಆ ಸಂಖ್ಯೆಗೂ ವಿಂಡೋಸ್ ಬೇಗ ಏಳುವುದಕ್ಕೂ ಸಂಬಂಧ ಕಡಿಮೆ. ಅದು ದೊಡ್ಡ ಫೈಲನ್ನು ಒಂದೇ ಸಮನೆ ಓದುವಾಗಿನ ವೇಗ. ವಿಂಡೋಸ್ ಏಳುವಾಗ, ಕ್ರೋಮ್ ತೆರೆಯುವಾಗ ನಡೆಯೋದು ಅಲ್ಲಲ್ಲಿ ಚದುರಿದ ಸಾವಿರಾರು ಚಿಕ್ಕ ತುಣುಕುಗಳ ಓದು. 7,200 ಆರ್‌ಪಿಎಂ ಹಾರ್ಡ್‌ಡಿಸ್ಕಿನಲ್ಲಿ ಬೇಕಾದ ಜಾಗ ಹೆಡ್ (ಓದುವ ತುದಿ) ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗೂ ಜಾಸ್ತಿ. ಹೆಡ್ ಆ ಟ್ರ್ಯಾಕಿಗೆ ಸರಿಯೋಕೆ ಇನ್ನೂ 8–9. ಹಾಗಾಗಿ ಸೆಕೆಂಡಿಗೆ ನೂರು ತುಣುಕು ಓದೋದೂ ಕಷ್ಟ. ಒಂದೊಂದು 4 ಕೆಬಿ ಅಂತ ಹಿಡಿದರೆ ಅರ್ಧ ಎಂಬಿ ಕೂಡ ಆಗಲ್ಲ. ಇದೇ ಕೆಲಸದಲ್ಲಿ ಒಳ್ಳೆಯ ಸಾಟಾ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿನ ಹಳೇ ಸಂಪರ್ಕವನ್ನೇ ಬಳಸುವಂಥದ್ದು) 30–40 ಎಂಬಿ ಕೊಡುತ್ತೆ, ಎನ್‌ವಿಎಂಇ (ಪಿಸಿಐಇ ಮೂಲಕ ಓಡುವ ಎಸ್‌ಎಸ್‌ಡಿ) 50–80. ಹಾರ್ಡ್‌ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದಾಗ ಕಾಣುವ ವ್ಯತ್ಯಾಸ ಜೆನ್3ರಿಂದ ಜೆನ್4ಕ್ಕೆ ಹೋದಾಗ ದಿನನಿತ್ಯದ ಬಳಕೆಯಲ್ಲಿ ಕಾಣಲ್ಲ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ (ಡ್ರೈವಿನ ವೇಗ ಅಳೆಯುವ ಸಾಫ್ಟ್‌ವೇರ್) ಫಲಿತಾಂಶ ಯಾರಾದರೂ ತೋರಿಸಿದರೆ ಮೇಲಿನ ಸಾಲು ಬಿಡಿ, ಚಿಕ್ಕ ತುಣುಕುಗಳ ವೇಗ ತೋರಿಸುವ ಕೊನೆಯ ಸಾಲು ನೋಡಿ.

ಹಾಗಾದರೆ ದುಡ್ಡು ಯಾವುದಕ್ಕೆ ಕೊಡಬೇಕು? ಒಳಗಿರುವ ಫ್ಲ್ಯಾಶ್‌ಗೆ, ಅಂದರೆ ಡೇಟಾ ಕೂರುವ ಚಿಪ್ಪಿಗೆ. ಟಿಎಲ್‌ಸಿ ಅನ್ನುವ ಬಗೆ ಒಂದು ಸೆಲ್ಲಿನಲ್ಲಿ ಮೂರು ಬಿಟ್ ಇಡುತ್ತೆ, ಕ್ಯೂಎಲ್‌ಸಿ ನಾಲ್ಕು. ನಾಲ್ಕು ಬಿಟ್ ಹಿಡಿಸಬೇಕೆಂದರೆ ಒಂದೇ ಸೆಲ್ಲಿನಲ್ಲಿ 16 ಬೇರೆ ಬೇರೆ ವೋಲ್ಟೇಜ್ ಮಟ್ಟಗಳನ್ನು ನಿಖರವಾಗಿ ಕೂರಿಸಬೇಕು, ಅದಕ್ಕೇ ಬರೆಯೋದು ನಿಧಾನ. ಇದನ್ನು ಮರೆಮಾಡೋಕೆ ಖಾಲಿ ಜಾಗದ ಒಂದಷ್ಟನ್ನು ಡ್ರೈವ್ ಒಂದೊಂದೇ ಬಿಟ್ ಬರೆಯುವ ಕ್ಯಾಶ್ (ತಾತ್ಕಾಲಿಕ ಜಾಗ) ಆಗಿ ಬಳಸುತ್ತೆ. ನೀವು 200 ಜಿಬಿ ಫೂಟೇಜ್ ಕಾಪಿ ಮಾಡೋಕೆ ಬಿಡಿ. ಮೊದಲು ವೇಗದ ಗ್ರಾಫ್ ಎತ್ತರದಲ್ಲಿ ನೆಟ್ಟಗೆ ಹೋಗುತ್ತೆ. ಕ್ಯಾಶ್ ತುಂಬಿದ ಕೂಡಲೇ ದಬಕ್ಕನೆ ಕುಸಿಯುತ್ತೆ. ಕ್ಯೂಎಲ್‌ಸಿ ಡ್ರೈವಾದರೆ ಹಾರ್ಡ್‌ಡಿಸ್ಕಿಗಿಂತಲೂ ಕೆಳಗೆ ಇಳಿಯಬಹುದು. ಡ್ರೈವ್ ಭರ್ತಿಯಾದಷ್ಟೂ ಕ್ಯಾಶಿಗೆ ಸಿಗುವ ಜಾಗ ಕಡಿಮೆ, ಹಾಗಾಗಿ 15–20 ಶೇಕಡಾ ಯಾವಾಗಲೂ ಖಾಲಿ ಬಿಡಿ. 1 ಟಿಬಿ ಡ್ರೈವ್ ವಿಂಡೋಸಿನಲ್ಲಿ 931 ಜಿಬಿ ಅಂತ ಕಾಣೋದು ಎಣಿಕೆಯ ವ್ಯತ್ಯಾಸ, ಮೋಸ ಅಲ್ಲ.

ಹೆಸರು ಹೇಳಿ ಅಂದರೆ: ಸ್ಯಾಮ್‌ಸಂಗ್ 970 ಇವೊ ಪ್ಲಸ್, ಡಬ್ಲ್ಯೂಡಿ ಎಸ್‌ಎನ್770, ಎಸ್‌ಎನ್850ಎಕ್ಸ್, ಕಿಂಗ್‌ಸ್ಟನ್ ಕೆಸಿ3000 ಇವೆಲ್ಲ ಟಿಎಲ್‌ಸಿ. ಕ್ರೂಶಿಯಲ್ ಪಿ3, ಪಿ3 ಪ್ಲಸ್ ಕ್ಯೂಎಲ್‌ಸಿ. ಗೇಮ್ ತುಂಬಿಡೋಕೆ ಅವೂ ಪರವಾಗಿಲ್ಲ, ಎಡಿಟಿಂಗ್ ಮಾಡುವವರಿಗೆ ನಾನು ಹೇಳಲ್ಲ. ಬರೆಯುವ ಬಾಳಿಕೆಯ ಅಂಕಿಯೂ ಇದನ್ನೇ ಹೇಳುತ್ತೆ: 1 ಟಿಬಿಯ ಪಿ3ಗೆ 220 ಟಿಬಿಡಬ್ಲ್ಯೂ (ಒಟ್ಟು ಎಷ್ಟು ಟಿಬಿ ಬರೆಯಬಹುದು ಅನ್ನುವ ಕಂಪನಿಯ ಅಂಕಿ), ಎಸ್‌ಎನ್850ಎಕ್ಸ್‌ಗೆ 600. ಫ್ಲ್ಯಾಶ್ ಯಾವುದು ಅಂತ ವಿವರಪಟ್ಟಿಯಲ್ಲಿ ಬರೆಯದೇ ಬರೀ 3ಡಿ ನ್ಯಾಂಡ್ (ಫ್ಲ್ಯಾಶಿನ ಸಾಮಾನ್ಯ ಹೆಸರು) ಅಂತ ಬಿಟ್ಟಿರುವ ಮಾಡೆಲ್ ಆದರೆ, ನಿಮ್ಮ ಕೈಗೆ ಯಾವುದು ಬರುತ್ತೋ ಗ್ಯಾರಂಟಿಯಿಲ್ಲ ಅಂತಲೇ ಲೆಕ್ಕ ಹಾಕಿ.

ಡಿರ‍್ಯಾಮ್ (ಡ್ರೈವಿನೊಳಗಿನ ವೇಗದ ಮೆಮೊರಿ ಚಿಪ್) ಇರಲೇಬೇಕಾ? ಎನ್‌ವಿಎಂಇಯಲ್ಲಿ ಇಲ್ಲದಿದ್ದರೂ ನಡೆಯುತ್ತೆ. ಯಾವ ಡೇಟಾ ಎಲ್ಲಿದೆ ಅನ್ನುವ ಪಟ್ಟಿಗೆ ನಿಮ್ಮ ಕಂಪ್ಯೂಟರಿನ ರ‍್ಯಾಮಿನಲ್ಲೇ ಒಂದಿಷ್ಟು ಎಂಬಿ ಎರವಲು ತಗೊಳ್ಳುವ ಎಚ್‌ಎಂಬಿ ವ್ಯವಸ್ಥೆ ಇದೆ. ಎಸ್‌ಎನ್770 ಹಾಗೇ ಕೆಲಸ ಮಾಡೋದು. ಸಾಟಾದಲ್ಲಿ ಆ ಸೌಲಭ್ಯ ಇಲ್ಲ. ಆದ್ದರಿಂದ ಡಿರ‍್ಯಾಮ್ ಇಲ್ಲದ ಅಗ್ಗದ ಸಾಟಾ ಎಸ್‌ಎಸ್‌ಡಿ ಮೇಲೆ ವಿಂಡೋಸ್ ಹಾಕಿಸಬೇಡಿ.

ಕೊಳ್ಳುವ ಮುಂಚೆ ಬೋರ್ಡಿನ ಮ್ಯಾನುಯಲ್ ಪಿಡಿಎಫ್ ಇಳಿಸಿಕೊಂಡು ಸ್ಟೋರೇಜ್ ಪುಟ ಓದಿ. ಎರಡು ಎಂ.2 ಸ್ಲಾಟ್ ಇರುವ ಎಷ್ಟೋ ಬಿ450 ಬೋರ್ಡುಗಳಲ್ಲಿ ಕೆಳಗಿನದು ನಿಧಾನದ್ದು, ಪ್ರೊಸೆಸರ್ ಹತ್ತಿರದ್ದೇ ವೇಗದ್ದು. ಎಂ.2 ತುಂಬಿಸಿದರೆ ಕೆಲವು ಸಾಟಾ ಪೋರ್ಟ್ ಬಂದ್ ಆಗುವ ಬೋರ್ಡುಗಳೂ ಇವೆ. ಹೊಸ ಡ್ರೈವ್ ಹಾಕಿದ ಮೇಲೆ ಹಳೇ ಹಾರ್ಡ್‌ಡಿಸ್ಕ್ ಕಾಣದಿದ್ದರೆ ಗಾಬರಿಯಾಗದೆ ಅದರ ಕೇಬಲನ್ನು ಬೇರೆ ಪೋರ್ಟಿಗೆ ಹಾಕಿ. ಇನ್ನೊಂದು, ಎಂ.2 ಆಕಾರದಲ್ಲೇ ಸಾಟಾ ಡ್ರೈವೂ ಬರುತ್ತೆ. ಸಾಮಾನ್ಯವಾಗಿ ಅದರ ತುದಿಯಲ್ಲಿ ಎರಡು ಕಚ್ಚು ಇರುತ್ತೆ, ಎನ್‌ವಿಎಂಇಗೆ ಒಂದೇ. ಆದರೂ ಲೇಬಲ್ ಓದಿಯೇ ತಗೊಳ್ಳಿ.

ಹಾಕುವಾಗ ಪವರ್ ಕೇಬಲ್ ಕಿತ್ತು, 2280 (22 ಮಿ.ಮೀ. ಅಗಲ, 80 ಮಿ.ಮೀ. ಉದ್ದ) ಅಳತೆಯ ರಂಧ್ರಕ್ಕೆ ಸ್ಟ್ಯಾಂಡಾಫ್ (ಸ್ಕ್ರೂ ಕೂರುವ ಚಿಕ್ಕ ಕಂಬ) ಕೂರಿಸಿ, ಡ್ರೈವನ್ನು ಸುಮಾರು 30 ಡಿಗ್ರಿ ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಮೆಲ್ಲಗೆ ಒತ್ತಿ ಸ್ಕ್ರೂ ಹಾಕಿ. ಬಿಗಿ ಮಾಡಬೇಡಿ, ತಡೆ ಸಿಕ್ಕಿದ ಕೂಡಲೇ ನಿಲ್ಲಿಸಿ. ಹೀಟ್‌ಸಿಂಕ್ (ಶಾಖ ಹೀರುವ ಲೋಹದ ತಗಡು) ಇದ್ದರೆ ಥರ್ಮಲ್ ಪ್ಯಾಡ್ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳಿ. ಅದನ್ನು ಹಾಗೇ ಬಿಟ್ಟರೆ ಶಾಖ ಹೀಟ್‌ಸಿಂಕಿಗೆ ಸರಿಯಾಗಿ ಹೋಗಲ್ಲ.

ಈಗ ಜನ ಹೆಚ್ಚು ಸಿಕ್ಕಿಹಾಕಿಕೊಳ್ಳುವ ಜಾಗ: ವಿಂಡೋಸ್. ಹಳೇ ಡಿಸ್ಕನ್ನು ಕ್ಲೋನ್ ಮಾಡಿ (ಇದ್ದ ಹಾಗೇ ನಕಲಿಸಿ) ಮುಗಿಸೋಣ ಅನಿಸುತ್ತೆ. ಆದರೆ ಆ ಡಿಸ್ಕ್ ಎಂಬಿಆರ್ (ಡಿಸ್ಕಿನ ಭಾಗಗಳ ಪಟ್ಟಿ ಇಡುವ ಹಳೇ ವಿಧಾನ) ಶೈಲಿಯಲ್ಲಿದ್ದರೆ ಕ್ಲೋನೂ ಎಂಬಿಆರ್ ಆಗುತ್ತೆ. ಎನ್‌ವಿಎಂಇಯಿಂದ ಬೂಟ್ ಆಗೋಕೆ ಯುಇಎಫ್‌ಐ ಅನ್ನುವ ಹೊಸ ಬೂಟ್ ಮೋಡ್ ಬೇಕು, ವಿಂಡೋಸಿಗೆ ಆ ಮೋಡಿನಲ್ಲಿ ಜಿಪಿಟಿ ಅನ್ನುವ ಹೊಸ ಶೈಲಿಯ ಡಿಸ್ಕ್ ಬೇಕು. ಎಂಬಿಆರ್2ಜಿಪಿಟಿ ಅನ್ನುವ ಮೈಕ್ರೋಸಾಫ್ಟ್ ಸಾಧನ ಬದಲಾಯಿಸಿಕೊಡುತ್ತೆ ನಿಜ, ಆದರೆ ಡಿಸ್ಕಿನಲ್ಲಿ ಎಕ್ಸ್‌ಟೆಂಡೆಡ್ ಪಾರ್ಟಿಷನ್ (ಹಲವು ಡ್ರೈವ್‌ಗಳನ್ನು ಒಳಗಿಟ್ಟುಕೊಳ್ಳುವ ಭಾಗ) ಇದ್ದರೆ ಅದು ಒಪ್ಪಲ್ಲ. ಎಂಬಿಆರ್ ಡಿಸ್ಕಿನಲ್ಲಿ ಡಿ, ಇ ಡ್ರೈವ್‌ಗಳು ಎಷ್ಟೋ ಸಲ ಅದರೊಳಗೇ ಇರುತ್ತವೆ. ಅದಕ್ಕೇ ನನ್ನ ಸಲಹೆ ಹೊಸದಾಗಿ ಇನ್‌ಸ್ಟಾಲ್ ಮಾಡೋದು. ಮುಖ್ಯವಾದ ಫೈಲ್‌ಗಳನ್ನು ಮೊದಲು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಬಯಾಸಿನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಸಿಎಸ್‌ಎಂ, ಅಂದರೆ ಹಳೇ ಬೂಟ್ ವಿಧಾನ, ಆಫ್ ಮಾಡಿ, ಹಾರ್ಡ್‌ಡಿಸ್ಕಿನ ಸಾಟಾ ಕೇಬಲ್ ಕಿತ್ತಿಟ್ಟು, ಎಸ್‌ಎಸ್‌ಡಿ ಒಂದೇ ಇರುವಾಗ ಇನ್‌ಸ್ಟಾಲ್ ಮಾಡಿ. ಎರಡೂ ಇದ್ದರೆ ವಿಂಡೋಸ್ ತನ್ನ ಬೂಟ್ ಫೈಲ್‌ಗಳನ್ನು ಹಾರ್ಡ್‌ಡಿಸ್ಕಿನಲ್ಲೇ ಇಟ್ಟುಬಿಡಬಹುದು. ಆಮೇಲೆ ಒಂದು ದಿನ ಆ ಡಿಸ್ಕ್ ಕೈಕೊಟ್ಟರೆ ಎಸ್‌ಎಸ್‌ಡಿ ಚೆನ್ನಾಗಿದ್ದೂ ಮೆಷಿನ್ ಏಳಲ್ಲ.

ಎಡಿಟಿಂಗ್ ಬಗ್ಗೆ ಒಂದು ಮಾತು, ಇದು ತಿಳಿಯದೆ ನಿರಾಶೆಯಾಗಬಾರದು. ಕ್ಯಾಮೆರಾದ 4ಕೆ ಕ್ಲಿಪ್ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಅಂದರೆ ಸೆಕೆಂಡಿಗೆ 12.5 ಎಂಬಿ ಅಷ್ಟೇ. ಅಂಥ ಒಂದು ಕ್ಲಿಪ್ಪನ್ನು ಹಾರ್ಡ್‌ಡಿಸ್ಕೂ ಓದಿಕೊಡುತ್ತೆ. ಟೈಮ್‌ಲೈನ್ ತಡವರಿಸೋದು ಹೆಚ್ಚಾಗಿ ಆ ಫಾರ್ಮ್ಯಾಟ್ ಬಿಡಿಸುವ ಭಾರದಿಂದ. ಅದಕ್ಕೆ ಪ್ರಾಕ್ಸಿ (ಎಡಿಟಿಂಗಿಗೆ ಹಗುರವಾದ ಚಿಕ್ಕ ನಕಲು) ಮಾಡಿಕೊಳ್ಳಿ. ಪ್ರಾಕ್ಸಿ, ಮೀಡಿಯಾ ಕ್ಯಾಶ್, ನಡೆಯುತ್ತಿರುವ ಪ್ರಾಜೆಕ್ಟ್ ಇವನ್ನು ಎಸ್‌ಎಸ್‌ಡಿಯಲ್ಲಿಡಿ, ಮುಗಿದದ್ದನ್ನು ಹಾರ್ಡ್‌ಡಿಸ್ಕಿಗೆ ಸಾಗಿಸಿ.

ಬ್ಯಾಕಪ್ ಬಿಡಬೇಡಿ. ಹಾರ್ಡ್‌ಡಿಸ್ಕ್ ಎಷ್ಟೋ ಸಲ ಸದ್ದು ಮಾಡಿ ಎಚ್ಚರಿಸುತ್ತೆ, ಎಸ್‌ಎಸ್‌ಡಿ ಒಂದು ಬೆಳಗ್ಗೆ ಬಯಾಸಿನಲ್ಲೇ ಕಾಣದೆ ಹೋಗಬಹುದು. ಅಳಿಸಿದ ಡೇಟಾದ ಜಾಗ ತೆರವು ಮಾಡಿಸುವ ಟ್ರಿಮ್ ಇರುವುದರಿಂದ ಅಳಿಸಿದ ಫೈಲ್ ವಾಪಸ್ ತರುವ ಸಾಧ್ಯತೆಯೂ ತೀರಾ ಕಡಿಮೆ. ಕರೆಂಟ್ ಪದೇ ಪದೇ ಹೋಗುವ ಊರಾದರೆ ಯುಪಿಎಸ್ ಬೇಕೇ ಬೇಕು. ಮನೆಬಳಕೆಯ ಡ್ರೈವ್‌ಗಳಲ್ಲಿ, ಬರೆಯುತ್ತಿರುವ ಡೇಟಾ ಮುಗಿಸೋಕೆ ಬೇಕಾದ ಕೆಪ್ಯಾಸಿಟರುಗಳು ಸಾಮಾನ್ಯವಾಗಿ ಇರಲ್ಲ.

ಡ್ರೈವ್ ಬಂದ ದಿನವೇ, ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ, ಡ್ರೈವಿನ ವಿವರ ತೋರಿಸುವ ಸಾಫ್ಟ್‌ವೇರ್ ತೆರೆಯಿರಿ. ಪವರ್ ಆನ್ ಅವರ್ಸ್ ಸೊನ್ನೆಯ ಹತ್ತಿರ ಇರಬೇಕು. ನೂರಾರು ಗಂಟೆ ತೋರಿಸಿದರೆ ಅದು ಬಳಸಿದ ಮಾಲು, ವಾಪಸ್ ಮಾಡಿ. ಟ್ರಾನ್ಸ್‌ಫರ್ ಮೋಡಿನಲ್ಲಿ ಪಿಸಿಐಇ 3.0 x4 ಅಂತ ಇರಬೇಕು, 2.0 ಅಥವಾ x2 ಕಂಡರೆ ತಪ್ಪು ಸ್ಲಾಟಿಗೆ ಹಾಕಿದ್ದೀರಿ. ಫರ್ಮ್‌ವೇರ್ (ಡ್ರೈವಿನೊಳಗಿನ ಸಾಫ್ಟ್‌ವೇರ್) ಸಂಖ್ಯೆಯನ್ನೂ ಕಂಪನಿಯ ಸೈಟಿನಲ್ಲಿ ತಾಳೆ ನೋಡಿ. ಹಳೇ ಸ್ಟಾಕಿನ ಸ್ಯಾಮ್‌ಸಂಗ್ 980 ಪ್ರೊ ತಗೊಂಡು ಅದರಲ್ಲಿ 3ಬಿ2ಕ್ಯೂಜಿಎಕ್ಸ್‌ಎ7 ಅಂತ ಕಂಡರೆ, ಡೇಟಾ ತುಂಬುವ ಮುಂಚೆಯೇ 5ಬಿ2ಕ್ಯೂಜಿಎಕ್ಸ್‌ಎ7ಗೆ ಅಪ್‌ಡೇಟ್ ಮಾಡಿ. ಆ ಹಳೇ ಫರ್ಮ್‌ವೇರಿನಲ್ಲಿ ಡ್ರೈವ್ ಏನನ್ನೂ ಬರೆಯಲಾಗದ ಸ್ಥಿತಿಗೆ ಹೋಗಿ ನಿಂತುಬಿಡುವ ದೋಷ ಇತ್ತು.