ಹುಲ್ಲಿನಲ್ಲಿ ಒಂಟಿಯಾಗಿ ಮಲಗಿದ ಜಿಂಕೆಮರಿಯನ್ನು ಮನೆಗೆ ತರಬೇಕೇ?

ಪ್ರಶ್ನೆ: ಅಮೆರಿಕದ ಒಹಾಯೊ ರಾಜ್ಯದ ಹಳ್ಳಿಗಾಡಿನಲ್ಲಿ, ಸೋಯಾ ಹೊಲದ ಪಕ್ಕದಲ್ಲಿ ನಮ್ಮ ಮಗನ ಮನೆಯಿದೆ. ಜೂನ್ ಮೊದಲ ವಾರದ ಒಂದು ಬೆಳಿಗ್ಗೆ ಹೆಣ್ಣು ಜಿಂಕೆಯೊಂದು ಕಯೋಟಿ ಎಂಬ ನಾಯಿಜಾತಿಯ ಕಾಡುಪ್ರಾಣಿಯನ್ನು ಅಟ್ಟಿಸಿಕೊಂಡು ಹೋದುದನ್ನು ಕಂಡೆವು. ಆಮೇಲೆ ಬೇಲಿಯ ಬಳಿ ಎತ್ತರದ ಹುಲ್ಲಿನಲ್ಲಿ ಮರಿಯೊಂದು ಮಲಗಿತ್ತು. ಮಧ್ಯಾಹ್ನವಾದರೂ ತಾಯಿ ಕಾಣಿಸಲಿಲ್ಲ. ಮರಿಯನ್ನು ಮನೆಗೆ ತರಬೇಕಿತ್ತೇ?

ಉತ್ತರ: ಬೇಡ. ನೀವು ಅದನ್ನು ಮುಟ್ಟದೆ ಬಂದಿದ್ದರೆ ಒಳ್ಳೆಯದನ್ನೇ ಮಾಡಿದ್ದೀರಿ. ಅದು ಅನಾಥ ಮರಿಯಲ್ಲ, ತಾಯಿಯೇ ಬಚ್ಚಿಟ್ಟು ಹೋದ ಮರಿ.

ಬಿಳಿಬಾಲದ ಜಿಂಕೆಗಳು ಅಲ್ಲಿ ಹೆಚ್ಚಾಗಿ ಮೇ ಕೊನೆಯಿಂದ ಜೂನ್ ತನಕ ಈಯುತ್ತವೆ. ಎಳೆಯ ಮರಿಗೆ ಮೈವಾಸನೆ ತೀರ ಕಡಿಮೆ; ತಾಯಿಯ ವಾಸನೆಯಾದರೋ ದೂರದಿಂದಲೇ ಬೇಟೆಯಾಡುವ ಪ್ರಾಣಿಯ ಮೂಗಿಗೆ ಬಡಿಯುತ್ತದೆ. ಆದ್ದರಿಂದ ತಾಯಿ ಮರಿಯನ್ನು ನೆಕ್ಕಿ ಶುಚಿಗೊಳಿಸಿ, ಅದರ ಮಲಮೂತ್ರವನ್ನೂ ತಾನೇ ತಿಂದು, ದೂರದಲ್ಲಿ ಮೇಯುತ್ತಾ ಇದ್ದು, ದಿನಕ್ಕೆ ಕೆಲವೇ ಸಲ ಬಂದು ಹಾಲೂಡಿಸಿ ಹೋಗುತ್ತದೆ. ಅವಳಿ ಮರಿಗಳಾದರೆ ಬೇರೆ ಬೇರೆ ಜಾಗದಲ್ಲಿ ಮಲಗಿಸುತ್ತದೆ. ಅಪಾಯ ಹತ್ತಿರ ಬಂದಾಗ ಮರಿ ಓಡುವುದಿಲ್ಲ. ಕತ್ತನ್ನು ನೆಲಕ್ಕೆ ಚಾಚಿ, ಕಿವಿಗಳನ್ನು ಹಿಂದಕ್ಕೆ ಮಡಚಿ, ಉಸಿರು ಬಿಗಿಹಿಡಿದು ಬಿದ್ದುಕೊಳ್ಳುತ್ತದೆ, ಅದರ ಎದೆಬಡಿತವೂ ಆ ಹೊತ್ತಿನಲ್ಲಿ ನಿಧಾನವಾಗುತ್ತದೆ. ನಮ್ಮ ರಾಣೆಬೆನ್ನೂರಿನ ಕುರುಚಲು ಕಾಡಿನಲ್ಲಿ, ತೋಳಗಳಿರುವ ನೆಲದಲ್ಲಿ, ಕೃಷ್ಣಮೃಗದ ಮರಿಗಳು ಬದುಕುವುದೂ ಹೀಗೆ ಅಡಗಿಯೇ.

ಕಯೋಟಿ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ತೂಕ ಸಾಮಾನ್ಯವಾಗಿ 10ರಿಂದ 20 ಕಿಲೋ. ತೋಳಗಳು ನಿರ್ನಾಮವಾದ ಪೂರ್ವದ ರಾಜ್ಯಗಳಿಗೆ ಅದು 20ನೇ ಶತಮಾನದಲ್ಲಿ ಹರಡಿತು. ಇಲಿ, ಮೊಲ, ಹಣ್ಣು, ಸತ್ತ ಪ್ರಾಣಿ ಹೀಗೆ ಸಿಕ್ಕಿದ್ದನ್ನೆಲ್ಲ ತಿನ್ನುವ ಅದಕ್ಕೆ, ತನ್ನ ಮರಿಗಳಿಗೂ ಉಣಿಸಬೇಕಾದ ಜೂನ್ ತಿಂಗಳಲ್ಲಿ ಜಿಂಕೆಮರಿ ದೊಡ್ಡ ಆಹಾರ. ಆದರೆ 50 ಕಿಲೋ ಮೀರುವ ಆರೋಗ್ಯವಂತ ತಾಯಿಜಿಂಕೆಯನ್ನು ಒಂಟಿ ಕಯೋಟಿ ಕೆಣಕುವುದು ಅಪರೂಪ, ಏಕೆಂದರೆ ಮುಂಗಾಲಿನ ಗೊರಸಿನ ಒಂದೇ ಹೊಡೆತಕ್ಕೆ ಅದರ ಪಕ್ಕೆಲುಬು ಮುರಿದೀತು. ನೀವು ಕಂಡ ಓಟದ ಅರ್ಥವೂ ಇದೇ: ಮರಿ ಮಲಗಿದ್ದ ಜಾಗದಿಂದ ಕಯೋಟಿಯನ್ನು ತಾಯಿ ದೂರ ಅಟ್ಟುತ್ತಿತ್ತು. ಹಾಗಿದ್ದೂ ಎಷ್ಟೋ ಮರಿಗಳು ಕಯೋಟಿಯ ಪಾಲಾಗುತ್ತವೆ. ಇದು ನೋಡಲು ಕಷ್ಟವೇ. ಆದರೂ ಅಡ್ಡಬರುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಕಯೋಟಿಯನ್ನು ಕೊಂದರೂ ಬರಿದಾದ ಜಾಗಕ್ಕೆ ಬೇಗನೆ ಇನ್ನೊಂದು ಬರುತ್ತದೆ.

ನಿಮ್ಮ ಕೈಯಲ್ಲಿ ತಪ್ಪಿಸಲಾಗುವ ಅಪಾಯ ಬೇರೆಯದು: ಹುಲ್ಲು ಕೊಯ್ಯುವ ಯಂತ್ರ. ಕೊಯ್ಲೂ ಇದೇ ತಿಂಗಳಲ್ಲಿ ಬರುತ್ತದೆ, ಮರಿ ಟ್ರ್ಯಾಕ್ಟರಿನ ಸದ್ದಿಗೂ ಕದಲದೆ ಮಲಗಿರುತ್ತದೆ. ಹಿಂದಿನ ಸಂಜೆ ಹುಲ್ಲಿನಲ್ಲಿ ಅಡ್ಡಾಡಿ ನೋಡಿ. ಕೊಯ್ಯುವಾಗ ಅಂಚಿನಿಂದ ಸುತ್ತುಗಟ್ಟದೆ ನಡುವಿನಿಂದ ಹೊರಕ್ಕೆ ಬರುವಂತೆ ಮಗನಿಗೆ ಹೇಳಿ, ಪ್ರಾಣಿಗಳಿಗೆ ದಾರಿ ಉಳಿಯುತ್ತದೆ. ತಾಯಿ ಸತ್ತುಬಿದ್ದಿದ್ದರೆ, ಇಲ್ಲವೇ ಮರಿ ಎಡೆಬಿಡದೆ ಅರಚುತ್ತಾ ಅಲೆಯುತ್ತಿದ್ದರೆ, ಹಸುವಿನ ಹಾಲು ಕುಡಿಸಲು ಹೋಗದೆ ರಾಜ್ಯದ ವನ್ಯಜೀವಿ ಇಲಾಖೆಗೆ ಫೋನ್ ಮಾಡಿ.