ತೆಳು ಲ್ಯಾಪ್‌ಟಾಪಿಗೆ 4ಕೆ ಮಾನಿಟರ್ ಭಾರವಾಗುತ್ತದೆಯೇ?

ಪ್ರಶ್ನೆ: ನಾನು ಧಾರವಾಡದಲ್ಲಿ ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ, 13 ಅಂಗುಲದ, ವಿಂಡೋಸ್ ಇರುವ ತೆಳುವಾದ ಲ್ಯಾಪ್‌ಟಾಪ್ ನನ್ನದು. ಕಣ್ಣಿಗೆ ಅನುಕೂಲವಾಗಲೆಂದು ಈಚೆಗೆ 27 ಅಂಗುಲದ 4ಕೆ ಮಾನಿಟರ್ ತಂದು, ಯುಎಸ್‌ಬಿ-ಸಿ ಹಬ್ ಮೂಲಕ ಎಚ್‌ಡಿಎಂಐ ಕೇಬಲ್‌ನಿಂದ ಜೋಡಿಸಿದ್ದೇನೆ. ಚಿತ್ರವೇನೋ ಮೂಡುತ್ತದೆ, ಆದರೆ ಮೌಸಿನ ಬಾಣ ತಡವರಿಸುತ್ತದೆ. ಪುಟ ಸರಿಸುವಾಗ ಅಕ್ಷರಗಳು ಬಿಟ್ಟು ಬಿಟ್ಟು ನೆಗೆದಂತೆ ಕಾಣುತ್ತವೆ. ಇಷ್ಟು ತೆಳುವಾದ ಲ್ಯಾಪ್‌ಟಾಪಿಗೆ 4ಕೆ ಭಾರ, ದೊಡ್ಡದೊಂದನ್ನು ಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ಇದು ನಿಜವೇ?

ಉತ್ತರ: ದೊಡ್ಡ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ನೀವು ಹೇಳಿರುವ ಲಕ್ಷಣಗಳನ್ನು ನೋಡಿದರೆ, ದೋಷವು ಲ್ಯಾಪ್‌ಟಾಪಿನ ಶಕ್ತಿಯಲ್ಲಿ ಇರುವುದಕ್ಕಿಂತ ಲ್ಯಾಪ್‌ಟಾಪಿಗೂ ಮಾನಿಟರಿಗೂ ನಡುವೆ ಇರುವ ಹಬ್‌ನಲ್ಲಿ ಇರುವ ಸಂಭವವೇ ಹೆಚ್ಚು.

ಮೊದಲು ಒಂದು ಪರೀಕ್ಷೆ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ, ಅದರ ಕೆಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು, ಹೊರಗಿನ ಮಾನಿಟರನ್ನು ಆರಿಸಿ, ರಿಫ್ರೆಶ್ ರೇಟ್ ಎಷ್ಟೆಂದು ನೋಡಿ. ಅಲ್ಲಿ 30 ಹರ್ಟ್ಸ್ ಎಂದಿದ್ದರೆ ಕಾರಣ ಸಿಕ್ಕಿತು. ಪರದೆ ಒಂದು ಸೆಕೆಂಡಿಗೆ 60 ಸಲ ಹೊಸದಾಗಬೇಕಾದಲ್ಲಿ 30 ಸಲ ಮಾತ್ರ ಹೊಸದಾಗುತ್ತಿದೆ. ನಿಂತ ಚಿತ್ರದಲ್ಲಿ ಇದು ತಿಳಿಯುವುದಿಲ್ಲ. ಬಾಣ ಚಲಿಸಿದ ಕೂಡಲೇ ಕಣ್ಣಿಗೆ ಹೊಡೆಯುತ್ತದೆ.

ಇದು ಯಾಕೆ ಹೀಗಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದು ತಿಳಿಯದೆ ಹಣ ಕಳೆದುಕೊಳ್ಳುವವರು ಬಹಳ. 4ಕೆ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು ಸುಮಾರು 83 ಲಕ್ಷ ಪಿಕ್ಸೆಲ್‌ಗಳಿವೆ; ಇದು ಫುಲ್ ಎಚ್‌ಡಿ ಪರದೆಯ ಸರಿಯಾಗಿ ನಾಲ್ಕು ಪಟ್ಟು. ಪ್ರತಿ ಪಿಕ್ಸೆಲಿನ ಬಣ್ಣಕ್ಕೆ 24 ಬಿಟ್ ಹಿಡಿದರೆ, ಸೆಕೆಂಡಿಗೆ 60 ಚಿತ್ರ ಕಳಿಸಲು ಸುಮಾರು 12 ಗಿಗಾಬಿಟ್ ಸಾಗಬೇಕು. ಸಾಲುಗಳ ನಡುವಿನ ಬಿಡುವಿನ ಕಾಲವನ್ನೂ ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು. 2009ರಲ್ಲಿ ಬಂದ ಎಚ್‌ಡಿಎಂಐ 1.4ರಲ್ಲಿ ಚಿತ್ರಕ್ಕೆ ದಕ್ಕುವುದು ಸೆಕೆಂಡಿಗೆ 8.16 ಗಿಗಾಬಿಟ್ ಮಾತ್ರ. 2013ರ ಎಚ್‌ಡಿಎಂಐ 2.0ರಲ್ಲಿ ಅದು 14.4ಕ್ಕೆ ಏರಿತು, 4ಕೆ ಪರದೆಯ 60 ಹರ್ಟ್ಸ್ ಅದರಲ್ಲಿ ಹಿಡಿಸುತ್ತದೆ. ಹಬ್‌ನೊಳಗಿನ ಎಚ್‌ಡಿಎಂಐ ಹಳೆಯದಾಗಿದ್ದರೆ, ಅದರ ಎರಡೂ ತುದಿಯಲ್ಲಿ ಎಷ್ಟೇ ಹೊಸ ಯಂತ್ರಗಳಿದ್ದರೂ ವೇಗ 30 ಹರ್ಟ್ಸ್‌ಗೆ ಇಳಿಯುತ್ತದೆ.

ಎರಡನೆಯ ಕಾರಣವೂ ಹಬ್‌ನೊಳಗೇ ಇದೆ. ಯುಎಸ್‌ಬಿ-ಸಿ ಎಂಬುದು ಕಿಂಡಿಯ ಆಕಾರದ ಹೆಸರಷ್ಟೇ. ಆ ಕಿಂಡಿಯಿಂದ ಚಿತ್ರ ಹೊರಬರಬೇಕಾದರೆ ಲ್ಯಾಪ್‌ಟಾಪ್ ಅದರಲ್ಲಿ ಡಿಸ್‌ಪ್ಲೇಪೋರ್ಟ್ (ಎಚ್‌ಡಿಎಂಐನಂತೆಯೇ ಚಿತ್ರ ಸಾಗಿಸುವ ಇನ್ನೊಂದು ಪದ್ಧತಿ) ಸಂಕೇತವನ್ನು ಕಳಿಸುವಂತಿರಬೇಕು. ಆ ಸಂಕೇತ ಸಾಗಲು ನಾಲ್ಕು ಹಾದಿಗಳಿವೆ. ಪೆನ್ ಡ್ರೈವ್, ಹಾರ್ಡ್ ಡಿಸ್ಕ್‌ಗಳಿಗೂ ವೇಗವಾದ ಯುಎಸ್‌ಬಿ 3 ಕೊಡುವ ಹಬ್‌ಗಳು ಸಾಮಾನ್ಯವಾಗಿ ಈ ನಾಲ್ಕರಲ್ಲಿ ಎರಡನ್ನು ಅದಕ್ಕೆ ಬಿಟ್ಟುಕೊಟ್ಟು, ಚಿತ್ರಕ್ಕೆ ಎರಡನ್ನೇ ಉಳಿಸುತ್ತವೆ. ಡಿಸ್‌ಪ್ಲೇಪೋರ್ಟ್ 1.2ರ ವೇಗದಲ್ಲಿ ನಾಲ್ಕು ಹಾದಿಗೆ 17.28 ಗಿಗಾಬಿಟ್ ದಕ್ಕಿದರೆ, ಎರಡಕ್ಕೆ ದಕ್ಕುವುದು 8.64 ಮಾತ್ರ, ಅಂದರೆ ಮತ್ತೆ 30 ಹರ್ಟ್ಸ್. ಲ್ಯಾಪ್‌ಟಾಪ್ ಮತ್ತು ಹಬ್ ಎರಡೂ ಡಿಸ್‌ಪ್ಲೇಪೋರ್ಟ್ 1.4ರ ವೇಗದವಾಗಿದ್ದರೆ ಎರಡೇ ಹಾದಿಯಲ್ಲಿಯೂ 60 ಹರ್ಟ್ಸ್ ಹೇಗೋ ಹಿಡಿಸುತ್ತದೆ. ಪೆಟ್ಟಿಗೆಯ ಮೇಲೆ ‘4ಕೆ’ ಎಂದಷ್ಟೇ ಇದ್ದು ಎಷ್ಟು ಹರ್ಟ್ಸ್ ಎಂಬುದು ಕಾಣದಿದ್ದರೆ ಅಂಥ ಹಬ್ ಕೊಳ್ಳಬೇಡಿ. ‘4ಕೆ 60 ಹರ್ಟ್ಸ್’ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೇಳಿ ಪಡೆಯಿರಿ.

ನನ್ನ ಸಲಹೆ ಇಷ್ಟು: ಹಬ್ ಅನ್ನು ಚಿತ್ರದ ದಾರಿಯಿಂದಲೇ ತೆಗೆಯಿರಿ. ಮಾನಿಟರಿನಲ್ಲಿ ಯುಎಸ್‌ಬಿ-ಸಿ ಕಿಂಡಿ ಇದ್ದರೆ ನೇರವಾಗಿ ಅದಕ್ಕೇ ಜೋಡಿಸಿ. ಇಲ್ಲದಿದ್ದರೆ ಒಂದು ತುದಿಯಲ್ಲಿ ಯುಎಸ್‌ಬಿ-ಸಿ, ಇನ್ನೊಂದು ತುದಿಯಲ್ಲಿ ಡಿಸ್‌ಪ್ಲೇಪೋರ್ಟ್ ಇರುವ ಕೇಬಲ್ ತನ್ನಿ. ಆಗ ನಾಲ್ಕೂ ಹಾದಿಗಳು ಚಿತ್ರಕ್ಕೇ ಸಿಗಬಹುದು. ಮೊಬೈಲ್ ಜೊತೆ ಬರುವ ಚಾರ್ಜಿಂಗ್ ಕೇಬಲ್‌ಗಳಲ್ಲಿ ಹೆಚ್ಚಿನವುಗಳ ಒಳಗೆ ವೇಗದ ತಂತಿಗಳೇ ಇರುವುದಿಲ್ಲವಾದ್ದರಿಂದ, ತುದಿ ಸರಿಯಾಗಿ ಕೂತರೂ ಅವುಗಳಿಂದ ಚಿತ್ರ ಬರುವುದಿಲ್ಲ. ಕೆಲವು ಮಾನಿಟರ್‌ಗಳ ಸ್ವಂತ ಮೆನುವಿನಲ್ಲಿ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಆವೃತ್ತಿಯನ್ನು ಆರಿಸುವ ಅವಕಾಶವಿರುತ್ತದೆ. ಅದು ಹಳೆಯದಕ್ಕೆ ನಿಂತಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ನಿಮ್ಮ ಕೆಲಸಕ್ಕೆ ಸಂಬಂಧಿಸಿದ ಇನ್ನೊಂದು ಮಾತು. ಕೆಲವೊಮ್ಮೆ ಕಡಿಮೆ ಜಾಗದಲ್ಲಿ 60 ಹರ್ಟ್ಸ್ ತುರುಕಲು ಬಣ್ಣದ ವಿವರವನ್ನು ಕಡಿತ ಮಾಡಿ, ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ಬಣ್ಣದ ಮಾಹಿತಿ ಕಳಿಸಲಾಗುತ್ತದೆ. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಆದರೆ ಅಕ್ಷರ ನೋಡುವವರಿಗೆ ಗೊತ್ತಾಗುತ್ತದೆ. ‘ರಾಷ್ಟ್ರ’, ‘ಸ್ತ್ರೀ’ ಎಂಬಂಥ ಪದಗಳಲ್ಲಿ ಒಂದರ ಕೆಳಗೊಂದು, ಪಕ್ಕಕ್ಕೊಂದು ಕೂರುವ ಒತ್ತಕ್ಷರಗಳ ಸಣ್ಣ ಬಳುಕುಗಳು, ಅದರಲ್ಲೂ ಕೆಂಪು ಶಾಯಿಯಲ್ಲಿ ತಿದ್ದಿದ ಕರಡಿನಲ್ಲಿ, ಅಂಚು ಕದಡಿದಂತೆ ಕಾಣುತ್ತವೆ. ನೀವು 4ಕೆ ಪರದೆ ತಂದದ್ದೇ ಆ ಬಳುಕುಗಳನ್ನು ಸ್ಪಷ್ಟವಾಗಿ ನೋಡುವುದಕ್ಕೆ ಅಲ್ಲವೇ? ಆದ್ದರಿಂದ ಅದೇ ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟದಲ್ಲಿ ಕಲರ್ ಫಾರ್ಮ್ಯಾಟ್ ಎದುರಿಗೆ ‘ಆರ್‌ಜಿಬಿ’ (ಬಣ್ಣದ ವಿವರ ಕಡಿತವಾಗದ ಬಗೆ) ಎಂದು ಇರುವಂತೆ ನೋಡಿಕೊಳ್ಳಿ.

ಇನ್ನು ಅಂಗಡಿಯವರ ಮಾತಿನಲ್ಲಿ ಎಷ್ಟು ನಿಜವಿದೆ? ಸ್ವಲ್ಪ ಇದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪುಗಳಲ್ಲಿ ಚಿತ್ರ ರಚನೆಗೂ ಮುಖ್ಯ ರ‍್ಯಾಮ್ ಅನ್ನೇ ಬಳಸಬೇಕು. ಆದರೂ ಸಿದ್ಧವಾದ ಚಿತ್ರವನ್ನು ಪರದೆಗೆ ಕಳಿಸಲು ಬೇಕಾಗುವುದು ಸೆಕೆಂಡಿಗೆ ಸುಮಾರು 2 ಗಿಗಾಬೈಟ್. 3200 ವೇಗದ ಒಂದೇ ಡಿಡಿಆರ್4 ರ‍್ಯಾಮ್ ಹಲಗೆ ಕೂಡ 25.6 ಗಿಗಾಬೈಟ್ ಕೊಡಬಲ್ಲದು. ಪುಟವಿನ್ಯಾಸ, ಬರವಣಿಗೆ, ಜಾಲತಾಣಗಳಿಗೆ ಇದು ಧಾರಾಳವಾಯಿತು. ಎರಡು ರ‍್ಯಾಮ್ ಹಲಗೆ ಹಾಕಲು ಜಾಗವಿರುವ ಲ್ಯಾಪ್‌ಟಾಪಿನಲ್ಲಿ ಒಂದೇ ಇದ್ದರೆ, ಇನ್ನೊಂದನ್ನು ಸೇರಿಸುವುದರಿಂದ ಗ್ರಾಫಿಕ್ಸ್ ಚುರುಕಾಗುತ್ತದೆ. ತೆಳುತನದ ನಿಜವಾದ ತೊಂದರೆ ಶಾಖದ್ದು: ಗಂಟೆಗಟ್ಟಲೆ ವಿಡಿಯೊ ಸಂಕಲನ ಮಾಡುವಾಗ ಅಥವಾ ಆಟ ಆಡುವಾಗ ಬಿಸಿ ಹೊರಹೋಗಲು ಜಾಗವಿಲ್ಲದೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ನಿಮ್ಮ ಕೆಲಸ ಆ ಬಗೆಯದಲ್ಲ. ಆಪಲ್ 2020ರ ನವೆಂಬರಿನಲ್ಲಿ ತಂದ ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನ್ ಕೂಡ ಇಲ್ಲ, ಅದರ ದಪ್ಪ 1.61 ಸೆಂಟಿಮೀಟರ್, ಆದರೂ ಅದು 60 ಹರ್ಟ್ಸ್‌ನಲ್ಲಿ 6ಕೆ ವರೆಗಿನ ಒಂದು ಹೊರ ಮಾನಿಟರನ್ನು ನಡೆಸುತ್ತದೆ.

60 ಹರ್ಟ್ಸ್ ಸಿಕ್ಕ ಮೇಲೆ ಡಿಸ್‌ಪ್ಲೇ ಪುಟದಲ್ಲಿ ಸ್ಕೇಲ್ ಅನ್ನು, ಅಂದರೆ ಅಕ್ಷರ, ಮೆನುಗಳ ಗಾತ್ರವನ್ನು, ಶೇಕಡ 150ಕ್ಕೆ ಇಡಿ. 27 ಅಂಗುಲದ 4ಕೆ ಪರದೆಯಲ್ಲಿ ಅಂಗುಲಕ್ಕೆ 163 ಪಿಕ್ಸೆಲ್ ಇರುವುದರಿಂದ ಶೇಕಡ 100ರಲ್ಲಿ ಮೆನುಗಳನ್ನು ಓದಲು ಕಣ್ಣು ಕಿರಿದು ಮಾಡಬೇಕಾಗುತ್ತದೆ. ನೀವಿನ್ನೂ ಪೇಜ್‌ಮೇಕರ್ ಬಳಸುತ್ತಿದ್ದರೆ, ಅದರ ಕೊನೆಯ ಆವೃತ್ತಿ 2001ರದು. ಈ ಬಗೆಯ ಸ್ಕೇಲಿಂಗ್ ಅರಿಯದ ತಂತ್ರಾಂಶವಾದ್ದರಿಂದ ಅದರ ಕಿಟಕಿ ಮಸುಕಾಗಿ ಕಾಣುತ್ತದೆ. ಅದು ಮಾನಿಟರಿನ ದೋಷವಲ್ಲ, ಲ್ಯಾಪ್‌ಟಾಪಿನದೂ ಅಲ್ಲ.

ಪ್ರಶ್ನೆ: ತೆಳುವಾದ ಲ್ಯಾಪ್‌ಟಾಪಿಗೆ ಎರಡು 4ಕೆ ಮಾನಿಟರ್ ಜೋಡಿಸಬಹುದೇ? (ಮೈಸೂರಿನಿಂದ ಒಬ್ಬ ಓದುಗರು)

ಉತ್ತರ: ಥಂಡರ್‌ಬೋಲ್ಟ್ ಕಿಂಡಿ (ಈಗ ಯುಎಸ್‌ಬಿ-ಸಿ ಆಕಾರದಲ್ಲೇ ಬರುವ, ಹೆಚ್ಚು ವೇಗದ ಕಿಂಡಿ) ಇರುವ ಅಥವಾ ಚಿತ್ರ ಕೊಡುವ ಎರಡು ಪ್ರತ್ಯೇಕ ಕಿಂಡಿಗಳಿರುವ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಸಾಧ್ಯ. ಆದರೆ ಮೇಲೆ ಹೇಳಿದ ಎಂ1 ಮ್ಯಾಕ್‌ಬುಕ್ ಏರ್‌ನಂಥವು ಒಂದೇ ಹೊರ ಮಾನಿಟರಿಗೆ ಸೀಮಿತ. ಅಂಥಲ್ಲಿ ಡಿಸ್‌ಪ್ಲೇಲಿಂಕ್ ಎಂಬ ಬಗೆಯ ಡಾಕ್ (ಹಬ್‌ನಂಥದೇ ದೊಡ್ಡ ಪೆಟ್ಟಿಗೆ) ಬಳಸಿ ಎರಡನೆಯದನ್ನು ಸೇರಿಸಬಹುದು. ಆದರೆ ಅದು ಚಿತ್ರವನ್ನು ಪ್ರೊಸೆಸರಿನಿಂದಲೇ ಕುಗ್ಗಿಸಿ ಯುಎಸ್‌ಬಿ ದತ್ತಾಂಶವಾಗಿ ಕಳಿಸುವುದರಿಂದ ಪ್ರೊಸೆಸರಿಗೆ ಹೊರೆಯಾಗುತ್ತದೆ, ಅದರ ಡ್ರೈವರನ್ನೂ ಬೇರೆಯಾಗಿ ಹಾಕಿಕೊಳ್ಳಬೇಕು. ಪತ್ರ, ಲೆಕ್ಕದ ಹಾಳೆಗಳನ್ನು ತೆರೆದಿಡಲು ಅದು ಸಾಕು. ವಿಡಿಯೊ ನೋಡುವ ಪರದೆಯನ್ನು ಮಾತ್ರ ನೇರ ಕೇಬಲ್‌ಗೇ ಜೋಡಿಸಿ.