ಸೋಮವಾರದ ರಾಹುಕಾಲ: ಕ್ಯಾಲೆಂಡರ್‌ನಲ್ಲಿ 7:30, ಆ್ಯಪ್‌ನಲ್ಲಿ 8:17. ವಿಜಯಪುರದಲ್ಲಿ ಡಿಸೆಂಬರ್ ಕೊನೆಗಿರುವ ಅಂಗಡಿ ಪೂಜೆಗೆ ಯಾವುದು ಹಿಡಿಯಲಿ?

ವಿಜಯಪುರಕ್ಕೆ ಆ್ಯಪ್‌ನ ಲೆಕ್ಕವೇ ಸರಿ. ಗೋಡೆ ಕ್ಯಾಲೆಂಡರ್‌ನ 7:30–9:00 ಅನ್ನೋದು ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆಂದು ಹಿಡಿದ ಸಿದ್ಧ ಪಟ್ಟಿ. ಡಿಸೆಂಬರ್ ಕೊನೆಗೆ ನಿಮ್ಮಲ್ಲಿ ಉದಯ ಸುಮಾರು 6:54, ಅಸ್ತ 6:02. ಹಗಲು 668 ನಿಮಿಷ. ಎಂಟು ಪಾಲು ಮಾಡಿದರೆ ಒಂದಕ್ಕೆ 83 ನಿಮಿಷ ಚಿಲ್ಲರೆ. ಸೋಮವಾರಕ್ಕೆ ಎರಡನೇ ಪಾಲು, ಅಂದರೆ 8:17ರಿಂದ 9:41. (ಶನಿವಾರ ಮೂರನೇದು, ಶುಕ್ರ ನಾಲ್ಕು, ಬುಧ ಐದು, ಗುರು ಆರು, ಮಂಗಳ ಏಳು, ರವಿ ಎಂಟು.)

ಆ್ಯಪ್‌ನಲ್ಲಿ ಊರು ತಾನಾಗಿ ಬೆಂಗಳೂರಿಗೆ ಹೋಗಿಲ್ಲವೇ ಅಂತ ಆ ದಿನ ಮತ್ತೊಮ್ಮೆ ನೋಡಿ. ಅಲ್ಲಿ ಉದಯ ಕಾಲುಗಂಟೆ ಮೊದಲು. ಸೂರ್ಯಬಿಂಬದ ಅಂಚು ಕಂಡರೆ ಉದಯವೋ, ನಡುವೋ ಎಂಬುದರಲ್ಲಿ ಪಂಚಾಂಗಗಳು ಒಂದಾಗಿಲ್ಲ, ಹಾಗಾಗಿ ಒಂದೆರಡು ನಿಮಿಷ ಅತ್ತಿತ್ತ ಆಗುತ್ತದೆ. ಪೂಜೆ 9ಕ್ಕೆ ಬೇಡ, 9:45ರ ಮೇಲೆ ಇಟ್ಟುಕೊಳ್ಳಿ.